ತೋಪಿನಲ್ಲಿ ಹಾಕಿದ ಎಲೆ

ಮಿಲಿಟರಿ ಲಾರಿ ಓಡಿಸಲು ಹೋಗಿದ್ದ ಚನ್ನರಾಯಪ್ಪ ಎರಡನೇ ಮಹಾಯುದ್ಧ ಮುಗಿದ ಮೇಲೆ ಶ್ರೀನಿವಾಸಪುರಕ್ಕೆ ವಾಪಸ್ಸಾದ. ಇಟಲಿಯಲ್ಲಿ ರಜೆ ಸಿಕ್ಕಾಗ ದ್ರಾಕ್ಷಿ ತೋಟದ ಮನೆಯೊಂದರಲ್ಲಿ ಕೆಲವು ದಿನ ಉಳಿದಿದ್ದನಂತೆ. ಹೆಂಡತಿ ಆವಲಮ್ಮನಿಗೆ ಅದನ್ನು ಹೇಳಿದಷ್ಟೂ ಅವನಿಗೆ ಸಾಲದು.

"ಹಣ್ಣು ಕುಯ್ಯೋ ಕಾಲ ಕಣೇ. ಮಧ್ಯಾಹ್ನ ಮನೆಯೋರೆಲ್ಲ ತೋಟದಲ್ಲೇ ಒಟ್ಟಿಗೆ ಕೂತು ಉಣ್ತಿದ್ರು, ಹೆಂಗಸರೂ."

"ಹಂಗಾರೆ ಬಡಿಸೋರು ಯಾರು?"

"ಬೇಕಾದೋರು ಹಾಕ್ಕೊಳ್ತಾರೆ."

ಆವಲಮ್ಮ ನಂಬಲಿಲ್ಲ. ಗಂಡಸರ ಊಟವಾಗದೆ ಅವಳು ಎಂದೂ ಉಂಡವಳಲ್ಲ.

ಮಾವಿನಕಾಯಿ ಕೀಳುವ ಕಾಲ ಬಂದಾಗ ಮನೆಯವರೆಲ್ಲ ತೋಪಿನಲ್ಲೇ ಬಿಡಾರ ಹೂಡಿದರು. ಮೊದಲ ದಿನ ಮಧ್ಯಾಹ್ನ ಆವಲಮ್ಮ ಮುದ್ದೆ ಬಡಿಸುತ್ತಿದ್ದಾಗ ಚನ್ನರಾಯಪ್ಪ ಎದ್ದು ಬಂದು, ಅವಳ ಕೈಯಿಂದ ಮುದ್ದೆಯ ಪುಟ್ಟಿ ತೆಗೆದುಕೊಂಡು, ತನ್ನ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿದ.

"ಕೂತ್ಕೋ."

ಅವಳು ಮಾವನ ಮುಖ ನೋಡಿದಳು. ಮುನಿಯಲ್ಲಪ್ಪ ಆ ಎಲೆಯನ್ನೇ ಸ್ವಲ್ಪ ಹೊತ್ತು ನೋಡುತ್ತಿದ್ದು, ಕೊನೆಗೆ ಚಾಪೆಯ ಮೇಲೆ ಒಂದಿಷ್ಟು ಸರಿದು ಕೂತ.

"ಕೂತ್ಕೋಮ್ಮಾ, ಮುದ್ದೆ ಆರೋಗ್ತದೆ."

ಆವಲಮ್ಮ ತಲೆ ತಗ್ಗಿಸಿಕೊಂಡೇ ಕೂತಳು. ಮೊದಲ ತುತ್ತನ್ನು ಸೆರಗಿನ ಮರೆಯಲ್ಲಿ ಉಂಡಳು. ನಾಲ್ಕನೆಯದರ ಹೊತ್ತಿಗೆ ನಾಚಿಕೆ ಹೋಗಿ ಹಸಿವಷ್ಟೇ ಉಳಿದಿತ್ತು. ಸಾರಿಗೆ ಅವಳೇ ಕೈ ಚಾಚಿದಳು.