ಗಾಳಿಯ ತೂತು

"ದೇವರಿಗೆ ಅಭಿಷೇಕ ಮಾಡ್ಲಿಕ್ಕೆ ನಾನಿದ್ದೇನೆ ಪೊರ್ಬುಳೆ. ನಿಮ್ಮ ಮೀನು ಮಾಡ್ಬೇಕಂತ ಇಲ್ಲ."

ಊರಲ್ಲಿ ಕ್ರೈಸ್ತರನ್ನು ಕರೆಯುವಂತೆ ಲೆಸ್ಟರನನ್ನು ಪೊರ್ಬುಳೆ ಎಂದು ಕರೆದು, ಅವನ ಬಾಗಿಲಲ್ಲಿ ನಿಂತಿದ್ದ ಹರಿದಾಸ ಭಟ್ಟರ ಕೈಯಲ್ಲಿ ಒದ್ದೆ ಮಡಿಬಟ್ಟೆ. ಕೊಡಿಯಾಲ್‌ಬೈಲಿನ ಆ ಅಪಾರ್ಟ್‌ಮೆಂಟಿನಲ್ಲಿ ಅವರ ದೇವರ ಕೋಣೆ ಲೆಸ್ಟರನ ಮೀನಿನ ತೊಟ್ಟಿಯ ನೇರ ಕೆಳಗೆ. ಬೆಳಿಗ್ಗೆ ಕರೆಂಟ್ ಹೋಗಿ ಪಂಪ್ ನಿಂತದ್ದೇ ತಡ, ತೊಟ್ಟಿಯ ನೀರು ಪೈಪಿನಲ್ಲಿ ಹಿಂದಕ್ಕಿಳಿದು, ತೊಟ್ಟಿಯಡಿಯ ಪಂಪಿನ ಡಬ್ಬಿ, ಸಂಪು, ತುಂಬಿ ಚೆಲ್ಲಿತ್ತು. ಇದು ಎರಡನೆಯ ಸಲ. ಸಂಜೆಯ ಅಸೋಸಿಯೇಶನ್ ಮೀಟಿಂಗಿನಲ್ಲಿ ತೊಟ್ಟಿ ಹೊರಗೆ ಹಾಕಿಸಿಯೇ ಸಿದ್ಧ ಎಂದರು.

ಮೊದಲ ಸಲ ಚೆಲ್ಲಿದಾಗ ಲೆಸ್ಟರ್ ಲಿಫ್ಟಿನಲ್ಲಿ ಭಟ್ಟರ ಮೂಗಿನ ಸ್ವರ ತೆಗೆದು, ಮತ್ಸ್ಯಾವತಾರ ಆಯಿತು, ಇನ್ನು ಕೂರ್ಮ ಯಾವಾಗ ಎಂದು ಹೆಂಡತಿಯನ್ನು ನಗಿಸಿದ್ದ. ಲಿಫ್ಟ್ ತೆರೆದರೆ ಎದುರು ಭಟ್ಟರೇ. ಆ ನಾಚಿಕೆಗೆ, ತೊಟ್ಟಿಗೆ ನೀರೇರಿಸುವ ಪೈಪಿನಲ್ಲಿ, ನೀರಿನ ಮಟ್ಟಕ್ಕಿಂತ ಕೂದಲೆಳೆ ಮೇಲೆ, ತೂತು ಕೊರೆದ. ಪಂಪ್ ನಿಂತರೆ ಅಲ್ಲಿ ಗಾಳಿ ಹೊಕ್ಕು ನೀರಿನ ಇಳಿತ ಕಡಿಯುತ್ತದೆ. ಭಟ್ಟರ ಎದುರೇ ತೋರಿಸಿ, ಇನ್ನು ಚೆಲ್ಲುವುದಿಲ್ಲ ಎಂದು ಮಾತೂ ಕೊಟ್ಟಿದ್ದ.

"ನಿಮ್ಮ ಮಾತಿಗೂ ತೂತು ಉಂಟು," ಎಂದರು ಭಟ್ಟರು.

ಲೆಸ್ಟರನಿಗೆ ರೇಗಿತು. ಅವರನ್ನು ಒಳಗೆ ಕರೆದು ಪೈಪಿನ ಮೇಲೆ ಬೆರಳಾಡಿಸಿದ. ತೂತು ಇರಬೇಕಾದಲ್ಲಿ ಕಲ್ಲಿನಂತೆ ಗಟ್ಟಿಯಾದ ಬೂದುಬಣ್ಣದ ಅಂಟು. ಅದರ ಮೇಲೆ ಒಂದು ಹೆಬ್ಬೆರಳಿನ ಗುರುತು.

"ನಾನೇ ಮುಚ್ಚಿದ್ದು," ಎಂದರು ಪೇಪರಿನಿಂದ ತಲೆಯೆತ್ತಿದ ಅಪ್ಪ ಎಡ್ವಿನ್. "ನೀರು ಚಿಮ್ಮುತ್ತಿತ್ತು."

ಕುವೈತಿನ ರಿಫೈನರಿಯಲ್ಲಿ ಸೋರುವ ಪೈಪು ಮುಚ್ಚುವುದೇ ಅವರ ಕೆಲಸವಾಗಿತ್ತು. ಶಹಬ್ಬಾಸ್ ನಿರೀಕ್ಷಿಸಿದ ಮುಖ.

"ಅದು ಲೀಕ್ ಅಲ್ಲ ಪಪ್ಪಾ. ನಿಮಗೆ ಯಾರು ಹೇಳಿದ್ದು? ಎಲ್ಲದಕ್ಕೂ ಎಂತಕ್ಕೆ ಕೈ ಹಾಕುವುದು?"

"ಇಪ್ಪತ್ತಾರು ವರ್ಷ ಒಂದು ಹನಿ ಬಿಡ್ಲಿಲ್ಲ ನಾನು." ಎಡ್ವಿನ್ ಪೇಪರ್ ಮಡಚಿಟ್ಟರು.

"ಇವತ್ತು ಎಷ್ಟು ಬಿಟ್ರಿ ಅಂತ ನನ್ನ ದೇವರ ಹತ್ರ ಕೇಳಿ," ಎಂದರು ಭಟ್ಟರು.

ಎಡ್ವಿನ್ ಎದ್ದು ಒಳಗೆ ಹೋದರು. ಬಾಗಿಲು ಬಡಿಯುತ್ತಾರೆ ಎಂದುಕೊಂಡರೆ, ಡ್ರಿಲ್ ಹಿಡಿದು ಬಂದರು. ಮಗ ಪಂಪ್ ನಿಲ್ಲಿಸಿದ. ಅಪ್ಪ ತನ್ನದೇ ಬೆರಳಿನ ಗುರುತಿನ ನಡುವೆ ಕೊರೆದರು. ಪಂಪ್ ಹಾಕಿ, ಮತ್ತೆ ಆಫ್ ಮಾಡಿದಾಗ ತೂತು ಸೊರ್ರೆಂದು ಗಾಳಿ ಎಳೆಯಿತು. ನೀರಿನ ಇಳಿತ ನಿಂತಿತು. ಭಟ್ಟರು ಸಂಪಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಮೂರು ಸಲ ಆಫ್ ಮಾಡಿಸಿ ನೋಡಿದರು.

"ಮೀಟಿಂಗಲ್ಲಿ ನಾನು ಮಾತಾಡುವುದಿಲ್ಲ," ಎಂದು ಎದ್ದರು. "ಇನ್ನೊಂದು ಹನಿ ಬಿದ್ರೆ ಕೂರ್ಮಕ್ಕೆಲ್ಲ ಕಾಯ್ಲಿಕ್ಕಿಲ್ಲ ಮಾರಾಯ್ರೆ, ನೇರ ನರಸಿಂಹ."

ಅವರು ಹೋದ ಮೇಲೆ ಲೆಸ್ಟರ್ ಪಂಪ್ ಹಾಕಿದ. ತೂತಿನಿಂದ ನೂಲಿನಷ್ಟು ನೀರು ತೊಟ್ಟಿಯೊಳಕ್ಕೇ ಚಿಮ್ಮಿತು. ಎಡ್ವಿನರ ಹೆಬ್ಬೆರಳು ತಾನಾಗಿ ಮೇಲೆದ್ದಿತು. ಅವರು ಕೈಯನ್ನು ಪ್ಯಾಂಟಿನ ಕಿಸೆಯೊಳಗೆ ತುರುಕಿ, ನೋಡುತ್ತಾ ನಿಂತರು.