ದೀಪ ಹಚ್ಚಿದ ಮೇಲೆ ನಿಲ್ಲುವ ವೈಫೈ

ಏನೋ ಹೇಳಲು ಬಾಯಿ ತೆರೆದ ಮುಖವೊಂದು ತೆರೆಯ ಮೇಲೆ ಹಾಗೇ ನಿಂತುಬಿಡುತ್ತಿತ್ತು. ಕಣ್ಣು ಅರ್ಧ ಮುಚ್ಚಿರುತ್ತಿತ್ತು, ಬಲಗೈ ಗಾಳಿಯಲ್ಲೇ ಉಳಿದಿರುತ್ತಿತ್ತು, ಅದರ ಮೇಲೆ ಪುಟ್ಟ ಬಿಳಿ ಚಕ್ರವೊಂದು ಸುತ್ತುತ್ತಲೇ ಇರುತ್ತಿತ್ತು. ಆ ಮುಖದ ಎದುರು ಚಂಪಕಕ್ಕ ಅಲುಗಾಡದೆ ಕೂತಿರುತ್ತಿದ್ದಳು. ದೂರದಿಂದ ನೋಡಿದರೆ ನಿಂತುಹೋಗಿರುವುದು ಅವರೋ ಇವಳೋ ಎಂದು ಹೇಳಲಾಗುತ್ತಿರಲಿಲ್ಲ.

ಆಗ ನಾನು ನಮ್ಮ ಬೀದಿಗೆಲ್ಲ ವೈಫೈ ವೈದ್ಯೆ. ಓದು ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ, ತಲೆಯ ತುಂಬ ಕಂಪ್ಯೂಟರಿನ ಹುಚ್ಚು. ಯಾರ ಮನೆಯಲ್ಲಿ ಇಂಟರ್ನೆಟ್ ಕೈಕೊಟ್ಟರೂ ಕರೆಯುವ ಮೊದಲೇ ಚಪ್ಪಲಿ ಮೆಟ್ಟಿಕೊಂಡು ಓಡುತ್ತಿದ್ದೆ. ಹಾಗಾಗಿ ಎದುರು ಮನೆಯ ತುಂಗತ್ತೆ ಗೇಟಿನ ಹತ್ತಿರ ನಿಂತು ಕೈ ಬೀಸಿದ್ದೇ ತಡ, ನಾನು ಅವರ ನಡುಮನೆಯಲ್ಲಿದ್ದೆ.

"ಬಾರೇ ಇಂಜಿನಿಯರಮ್ಮ," ಎಂದರು ತುಂಗತ್ತೆ. "ನೀನೇ ತಾನೆ ಈ ಡಬ್ಬಿ ಕೂರ್ಸಿದ್ದು? ಹಗಲೆಲ್ಲಾ ಚೆನ್ನಾಗಿರತ್ತೆ. ನಾನು ದೇವರ ಮುಂದೆ ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ ಜೀವ ಬಿಡತ್ತೆ. ಅಷ್ಟೊತ್ತಿಗೆ ಸರಿಯಾಗಿ ಆ ಮೇಷ್ಟ್ರು ಮಾತಾಡ್ತಿರ್ತಾರೆ. ಇವಳ ಬಾಳು ಒಂದು ದಡ ಮುಟ್ಟೋದು ಬೇಡ್ವಾ?"

ಚಂಪಕಕ್ಕ ತುಂಗತ್ತೆಯ ಸೊಸೆ. ತುಂಗತ್ತೆಯ ಮಗ ತಿರುಮಲ ಬಸ್ ಡಿಪೋದಲ್ಲಿ ಎರಡನೇ ಪಾಳಿಯ ಮೆಕ್ಯಾನಿಕ್ ಆಗಿದ್ದ; ಕೆಲಸದಲ್ಲಿರುವಾಗಲೇ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ವರ್ಷ ಕಳೆದ ಮೇಲೆ ಸೊಸೆಗೆ ಮತ್ತೊಂದು ಮದುವೆಯಾಗಲಿ ಎಂದು ಹಠ ಹಿಡಿದವರು ತುಂಗತ್ತೆಯೇ. ನೆಂಟರು ಮೂಗೆಳೆದಾಗ, "ನನ್ನ ಸೊಸೆ, ನನ್ನಿಷ್ಟ. ನಿಮ್ಮನೆ ಗಂಟೇನು ಹೋಗತ್ತೆ?" ಎಂದು ಬಾಯಿ ಮುಚ್ಚಿಸಿದ್ದರು. ಬೆಟ್ಟಸ್ವಾಮಿ ಎಂಬ ಚಿತ್ರಕಲಾ ಮೇಷ್ಟ್ರನ್ನು ಹುಡುಕಿದವರೂ ಅವರೇ. ದೂರದ ಊರಿನವರು, ಹೆಂಡತಿ ತೀರಿಕೊಂಡಿದ್ದರು. ಶಾಲೆ ಮುಗಿಸಿ, ಮನೆ ಸೇರಿ, ಸಂಜೆಗತ್ತಲಲ್ಲಿ ಚಂಪಕಕ್ಕನ ಜೊತೆ ವೀಡಿಯೋ ಮಾತು. ನಮ್ಮ ಬೀದಿ ತಗ್ಗಿನಲ್ಲಿದ್ದುದರಿಂದ ಮೊಬೈಲಿಗೆ ಟವರ್ ಸಿಗುತ್ತಿರಲಿಲ್ಲ. ವೈಫೈ ಒಂದೇ ಗತಿ. ಇದ್ದ ಲ್ಯಾಪ್‌ಟಾಪ್ ತಿರುಮಲನದೇ.

ನಾನು ಎಂದಿನ ಮದ್ದುಗಳನ್ನೆಲ್ಲ ಮಾಡಿದೆ. ರೌಟರನ್ನು ಆರಿಸಿ ಹೊತ್ತಿಸಿದೆ. ಲ್ಯಾಪ್‌ಟಾಪಿಗೆ ಹಳೆಯ ನೆಟ್‌ವರ್ಕನ್ನು ಮರೆಸಿ, ಪಾಸ್‌ವರ್ಡ್ ಮತ್ತೆ ಕೊಟ್ಟೆ. ಚಾನೆಲ್ ಬದಲಿಸಿದೆ, ಡ್ರೈವರ್ ಹೊಸದು ಹಾಕಿದೆ, ರೌಟರಿನ ಕೊಂಬುಗಳನ್ನು ಆ ಕಡೆ ಈ ಕಡೆ ತಿರುಗಿಸಿದೆ. ಪ್ರತಿ ಸಲವೂ ಒಂದು ಹಾಡು ಹಾಕಿ, "ನೋಡಿ, ಹೆಂಗೆ ಓಡ್ತಿದೆ!" ಎಂದು ಎದೆಯುಬ್ಬಿಸಿ ಮನೆಗೆ ಹೋದೆ. ಪ್ರತಿ ಸಲವೂ ಸಂಜೆ ಮೇಷ್ಟ್ರ ಮುಖ ಬಾಯಿ ತೆರೆದುಕೊಂಡು ನಿಂತಿತು. ಇಂಟರ್ನೆಟ್ ಕಂಪನಿಯವರು ಮಧ್ಯಾಹ್ನ ಬಂದು, ತಂತಿ ಎಳೆದು ನೋಡಿ, "ನಮ್ಮ ಕಡೆಯಿಂದ ಏನೂ ತೊಂದ್ರೆ ಇಲ್ಲ" ಎಂದು ಹೋದರು.

ಕೊನೆಗೆ ಒಂದು ಸಂಜೆ ನಾನೇ ಪಕ್ಕದಲ್ಲಿ ಕೂತೆ. ಮೇಷ್ಟ್ರ ಕಣ್ಣಿಗೆ ಬೀಳದಂತೆ ಗೋಡೆಗೆ ಒರಗಿ ಕಾದೆ. ಮೇಷ್ಟ್ರು ತಮ್ಮ ಶಾಲೆಯ ಹುಡುಗನೊಬ್ಬ ಬರೆದ ಆನೆ ಚಿತ್ರ ತೋರಿಸುತ್ತಿದ್ದರು. "ಸೊಂಡಿಲು ಮರೆತಿದಾನೆ, ಮೇಡಂ. ಕೇಳಿದ್ರೆ, ಆನೆ ಊಟ ಮಾಡ್ತಿಲ್ಲ ಸಾರ್, ಒಳಗಿಟ್ಕೊಂಡಿದೆ ಅಂತಾನೆ!" ಚಂಪಕಕ್ಕ ನಕ್ಕಳು. ಅವಳು ನಕ್ಕದ್ದನ್ನು ಎಷ್ಟೋ ಕಾಲದ ಮೇಲೆ ಕೇಳಿದ್ದೆ. ಆ ನಗು ಮುಗಿಯುವ ಮುಂಚೆಯೇ ಮುಖ ನಿಂತಿತು. ಚಕ್ರ ಸುತ್ತಿತು.

ನಾನು ಲ್ಯಾಪ್‌ಟಾಪನ್ನು ನನ್ನ ಕಡೆಗೆಳೆದುಕೊಂಡು ಕೀಲಿಗಳನ್ನು ಪಟಪಟನೆ ಬಡಿದೆ. ರೌಟರಿನ ಹಸಿರು ದೀಪ ಮಿಸುಕಾಡದೆ ಉರಿಯುತ್ತಿತ್ತು. ಹೊರಗಿನ ಲೈನ್ ಸರಿಯಾಗಿತ್ತು. ಲ್ಯಾಪ್‌ಟಾಪಿನಿಂದ ರೌಟರನ್ನೇ ಕರೆದು ನೋಡಿದೆ, ಉತ್ತರವಿಲ್ಲ. ಎರಡರ ನಡುವೆ ಇದ್ದದ್ದು ನಡುಮನೆಯ ನಾಲ್ಕು ಹೆಜ್ಜೆಯ ಖಾಲಿ ಗಾಳಿ.

"ಅಕ್ಕ, ತೊಂದ್ರೆ ಹೊರಗಿಲ್ಲ," ಎಂದೆ ಉತ್ಸಾಹದಿಂದ. "ಈ ರೂಮಲ್ಲೇ ಇದೆ. ಇದಕ್ಕೂ ಅದಕ್ಕೂ ಮಧ್ಯೆ ಏನೋ ಅಡ್ಡ ಬರ್ತಿದೆ."

ಚಂಪಕಕ್ಕ ಆ ಖಾಲಿ ಜಾಗವನ್ನು ನೋಡಿದಳು. "ಏನೋ ಅಲ್ಲ ಕಣೆ," ಎಂದಳು ಮೆಲ್ಲಗೆ. "ಅವ್ರು."

ನನ್ನ ಬೆರಳುಗಳು ಕೀಲಿಗಳ ಮೇಲೇ ನಿಂತವು.

"ಹತ್ತನೇ ದಿನ ಕೆರೆ ಹತ್ರ ನೀನೂ ಬಂದಿದ್ದೆ, ನೆನಪಿಲ್ವಾ? ಕಾಗೆ ಮುಟ್ಲಿಲ್ಲ."

ನೆನಪಿತ್ತು. ಪಿಂಡ ಇಟ್ಟು ಎಲ್ಲರೂ ದೂರ ಸರಿದು ನಿಂತಿದ್ದೆವು. ಕಾಗೆಗಳು ಕೊಂಬೆಯಿಂದ ಇಳಿಯಲಿಲ್ಲ. ಸತ್ತವನಿಗೆ ಆಸೆ ಉಳಿದಿದೆ ಎಂದು ಹಿರಿಯರು ಒಬ್ಬೊಬ್ಬರಾಗಿ ಮುಂದೆ ಬಂದು ಮಾತು ಕೊಟ್ಟರು: ನಿನ್ನ ತಾಯಿಯನ್ನು ನೋಡಿಕೊಳ್ಳುತ್ತೇವೆ, ನಿನ್ನ ಹೆಂಡತಿಯ ಕೈಬಿಡುವುದಿಲ್ಲ. ಅಷ್ಟಾದ ಮೇಲೆ ಇದ್ದ ಕಾಗೆಗಳೂ ಹಾರಿಹೋದವು. ಕೊನೆಗೆ ದರ್ಭೆಯಲ್ಲಿ ಕಾಗೆ ಮಾಡಿ ಮುಟ್ಟಿಸಿ ಮನೆಗೆ ಬಂದಿದ್ದೆವು.

"ಮೇಷ್ಟ್ರು ಒಳ್ಳೆಯವರು," ಎಂದಳು ಚಂಪಕಕ್ಕ. "ಅವರ ಜೊತೆ ಮಾತಾಡ್ತಾ ಮಾತಾಡ್ತಾ ನಂಗೆ ನಗು ಬರತ್ತೆ. ನಗು ಬಂದ ಕೂಡ್ಲೇ ಹಿಂಗೆ. ನಾನು ನಗೋದು ಅವ್ರಿಗೆ ಇಷ್ಟ ಇಲ್ಲ. ಶುಕ್ರವಾರ ಮೇಷ್ಟ್ರು ನನ್ನ ತೀರ್ಮಾನ ಕೇಳ್ತಾರೆ. ಆಗಲ್ಲ ಅಂತ ಹೇಳಿಬಿಡ್ತೀನಿ. ಅತ್ತೆಗೆ ಈಗ್ಲೇ ಹೇಳ್ಬೇಡ, ಪಾಪ, ಅವರು ಎಷ್ಟು ಆಸೆ ಇಟ್ಕೊಂಡಿದಾರೆ."

"ಅಕ್ಕ, ದೆವ್ವಕ್ಕೆ ವೈಫೈ ನಿಲ್ಸಕ್ಕೆ ಬರಲ್ಲ," ಎಂದೆ. ತಮಾಷೆಯಾಗಿ ಹೇಳಹೊರಟದ್ದು; ಗಂಟಲಿನಿಂದ ಬಂದದ್ದು ಪಿಸುಮಾತು. ಆ ಹೊತ್ತಿಗೆ ಗೋಡೆಯ ಆಚೆ ಫ್ರಿಜ್ಜು ಗೊಣಗುವಂಥ ಸದ್ದೊಂದು ಇತ್ತು. ಮತ್ತೆ ಅದೂ ನಿಂತಿತು. ಮರುಕ್ಷಣ ಮೇಷ್ಟ್ರ ಮುಖ ಅಲುಗಾಡಿ, "ಹಲೋ? ಮೇಡಂ?" ಎಂದಿತು. ನಾನು ಬೆಚ್ಚಿಬಿದ್ದೆ. ಚಂಪಕಕ್ಕ ಲ್ಯಾಪ್‌ಟಾಪ್ ಮುಚ್ಚಿದಳು.

ಶುಕ್ರವಾರದವರೆಗೆ ನನಗೆ ಬೇರೆ ಯೋಚನೆಯೇ ಇರಲಿಲ್ಲ. ಅಡ್ಡ ಬರುತ್ತಿರುವುದು ಏನೆಂದು ತೋರಿಸದಿದ್ದರೆ ಅವಳು ಬೇಡ ಎಂದೇಬಿಡುತ್ತಾಳೆ. ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಶುಕ್ರವಾರ ಸಂಜೆ ನನ್ನ ಮೊಬೈಲಿನಲ್ಲಿ ವೈಫೈ ಬಲ ಅಳೆಯುವ ಆ್ಯಪ್ ಹಾಕಿಕೊಂಡು ಹೋದೆ. ದೇವರ ದೀಪ ಹಚ್ಚಿ ತುಂಗತ್ತೆ, "ನೀವು ನಿಮ್ಮ ಪಾಡಿಗೆ ಮಾತಾಡ್ಕೊಳ್ಳಿ. ನಾನು ಒಳಗಿರ್ತೀನಿ, ನನ್ನ ಕಿವಿ ಈ ಕಡೆ ಇರಲ್ಲ," ಎಂದು ಅಡುಗೆಮನೆಗೆ ಹೋಗಿ ಬಾಗಿಲೆಳೆದುಕೊಂಡರು. ಮೇಷ್ಟ್ರ ಕರೆ ಬಂತು. ಅವರು ಅಂದು ಆನೆಯ ಮಾತು ಎತ್ತಲಿಲ್ಲ.

"ಮೇಷ್ಟ್ರೇ, ನಿಮಗೊಂದು ಮಾತು ಹೇಳ್ಬೇಕು," ಎಂದಳು ಚಂಪಕಕ್ಕ. "ನೀವು ಬೇಜಾರು ಮಾಡ್ಕೋಬಾರ್ದು. ನಾನು..."

ಮುಖ ನಿಂತಿತು. ಮಾತು ಕೇಳಲು ಮುಂದೆ ಬಾಗಿದ್ದ ಮುಖ, ಹುಬ್ಬು ಮೇಲೇರಿತ್ತು.

ನನ್ನ ಮೊಬೈಲಿನಲ್ಲಿ ಗೆರೆ ನೆಲಕಚ್ಚಿತು. ನಾನು ಎದ್ದೆ. ಕಿಟಕಿಯ ಕಡೆ ಹೋದೆ, ಗೆರೆ ತುಸು ಎದ್ದಿತು. ದೇವರ ಗೂಡಿನ ಕಡೆ ಹೋದೆ, ಮತ್ತೆ ಬಿತ್ತು. ಕತ್ತಲ ಮನೆಯಲ್ಲಿ ಮೊಬೈಲು ಮುಂದೆ ಹಿಡಿದು, ಯಾರ ಹೆಜ್ಜೆಯನ್ನೋ ಹುಡುಕುವವಳ ಹಾಗೆ ನಡೆದೆ. ಅಡುಗೆಮನೆಯ ಬಾಗಿಲ ಹತ್ತಿರ ಗೆರೆ ಪೂರಾ ಸತ್ತಿತು. ಒಳಗೆ ಯಾರೋ ಮಾತಾಡುತ್ತಿದ್ದರು.

"ಆಯ್ತಪ್ಪಾ, ಆಯ್ತು. ಒಂದ್ನಿಮಿಷ ಕೂತ್ಕೊ. ಬಂದ ತಕ್ಷಣ ಹಸಿವು ಅಂತೀಯ."

ದನಿ ತುಂಗತ್ತೆಯದು. ಕೈ ತಾನೇ ಬಾಗಿಲನ್ನು ತಳ್ಳಿತು.

ದೀಪವಿರಲಿಲ್ಲ. ಹಳೆಯ ಮೈಕ್ರೋವೇವ್ ಓವನ್ನಿನ ಹಳದಿ ಬೆಳಕು ತುಂಗತ್ತೆಯ ಮುಖದ ಮೇಲೆ ಬಿದ್ದಿತ್ತು. ಒಳಗೆ ಅನ್ನ, ಪಲ್ಯ, ಸಾರಿನ ಬಟ್ಟಲು ಇದ್ದ ತಟ್ಟೆಯೊಂದು ನಿಧಾನಕ್ಕೆ ಸುತ್ತುತ್ತಿತ್ತು. ಬಾಗಿಲ ಕೊಂಡಿ ಸಡಿಲವಾಗಿದ್ದ ಆ ಓವನ್ ನಡುಗುತ್ತ ಗೊಣಗುತ್ತಿತ್ತು. ಅದರ ಹಿಂದಿನ ಗೋಡೆಯ ಆ ಬದಿಗೇ ನಾನು ಮೊಳೆ ಹೊಡೆದು ಕೂರಿಸಿದ್ದ ರೌಟರ್.

ನನಗೆ ತಕ್ಷಣ ಎಲ್ಲ ಗೊತ್ತಾಯಿತು, ಮತ್ತು ಗೊತ್ತಾದ ಖುಷಿ ತಡೆಯಲಾಗಲಿಲ್ಲ. "ಸಿಕ್ತು! ತುಂಗತ್ತೆ, ಇದೇ! ಓವನ್ನಿನ ಅಲೆಯೂ ವೈಫೈ ಅಲೆಯೂ ಒಂದೇ ಜಾತಿ. ಇದು ಕೊಂಡಿ ಸಡಿಲ ಆಗಿ ಹೊರಗೆ ಸೋರ್ತಿದೆ. ಇದು ಶುರುವಾದ್ರೆ ಅದು ಉಸಿರಾಡಕ್ಕಾಗಲ್ಲ. ನೀವು ಓವನ್ ಹಾಕ್ದಾಗೆಲ್ಲ ಆ ಕಡೆ..."

ಓವನ್ನಿನ ಗಂಟೆ ಹೊಡೆಯುವ ಮುಂಚೆಯೇ ತುಂಗತ್ತೆ ಅದರ ಬಾಗಿಲು ತೆರೆದರು. ಸದ್ದು ಹೊರಗೆ ಕೇಳಬಾರದೆಂದು ದಿನವೂ ಹಾಗೇ ತೆರೆಯುತ್ತಿದ್ದರೆಂದು ಆಗ ಹೊಳೆಯಿತು. ಆ ತಟ್ಟೆ ಯಾರದೆಂದೂ ಹೊಳೆಯಿತು.

"ತಣ್ಣಗಿದ್ರೆ ಅವನು ಮುಟ್ಟಲ್ಲ," ಎಂದರು ತುಂಗತ್ತೆ. "ಪಾಳಿ ಮುಗಿಸ್ಕೊಂಡು ಬಂದ್ರೆ ಬಿಸಿಬಿಸಿ ಇರ್ಬೇಕು. ಇದನ್ನ ಅವನೇ ತಂದಿದ್ದು. ದಿನಾ ಎಡೆ ಇಡಬಾರ್ದು, ಇಟ್ರೆ ಹೋದೋರು ಹೋಗಲ್ಲ ಅಂತಾರೆ. ನಂಗೂ ಗೊತ್ತು. ಅವಳು ಮಾತಿಗೆ ಕೂತಾಗ ಇಲ್ಲಿ ಯಾರೂ ಇರಲ್ವಲ್ಲ, ಅದಕ್ಕೇ ಆಗ..." ಅವರು ಓವನ್ನನ್ನೂ ಗೋಡೆಯನ್ನೂ ನೋಡಿದರು. "ಅಂದ್ರೆ, ಆ ಮಾತಿಗೆ ಅಡ್ಡ ಬರ್ತಿದ್ದೋಳು ನಾನೇನಾ? ನಾನೇ ಕೈಹಿಡಿದು ಕೂರಿಸಿ, ನಾನೇ ಬಾಯಿ ಮುಚ್ಚಿಸ್ದೆನಾ?"

ಹಿಂದಿನಿಂದ ಚಂಪಕಕ್ಕ ನನ್ನ ಭುಜ ಸರಿಸಿ ಒಳಗೆ ಬಂದಳು. ಬಾಗಿಲ ಬಳಿ ಯಾವಾಗಿನಿಂದ ನಿಂತಿದ್ದಳೋ. ತುಂಗತ್ತೆ ತಟ್ಟೆಗೆ ಸೆರಗು ಮುಚ್ಚಲು ಹೋದರು.

"ಬಿಡಿ ಅತ್ತೆ," ಎಂದಳು ಅವಳು. "ಬೆಂಡೆಕಾಯಿ ಪಲ್ಯ ಮಾಡಿದ ದಿನ ನಾನೂ ಒಂದು ತುತ್ತು ಪಾತ್ರೇಲಿ ಬಿಟ್ಟಿರ್ತೀನಿ. ಯಾಕೆ ಅಂತ ನೀವು ಯಾವತ್ತೂ ಕೇಳಿಲ್ಲ."

"ಇನ್ಮೇಲೆ ಮಾಡಲ್ಲ ಕಣಮ್ಮ. ನಾಳೆನೇ ಇದನ್ನ ಯಾರಿಗಾದ್ರೂ ಕೊಟ್ಬಿಡ್ತೀನಿ. ಮೇಷ್ಟ್ರಿಗೆ ಏನು ಹೇಳ್ದೆ? ಹೂಂ ಅಂದ್ಯಾ?"

"ಆಗಲ್ಲ ಅನ್ನಕ್ಕೆ ಬಾಯಿ ತೆಗೆದೆ. ಆಗ್ಲೇ ನಿಂತೋಯ್ತು."

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಆಗ ಕರೆ ನಿಂತದ್ದಕ್ಕೆ ಓವನ್ನಿನ ಅಲೆಯೇ ಕಾರಣ ಎಂದು ನಾನು ಬರೆದು ಕೊಡಬಲ್ಲೆ. ಆದರೂ ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ನಾವು ಮೂವರೇ ಇದ್ದೆವೆಂದು ಈಗಲೂ ನನಗೆ ಧೈರ್ಯವಾಗಿ ಹೇಳಲಾಗುವುದಿಲ್ಲ.

ನನಗೆ ನನ್ನ ವಿದ್ಯೆ ನೆನಪಾಯಿತು. "ತಂತಿ ಉದ್ದ ಮಾಡಿ ರೌಟರನ್ನ ಆ ಕಡೆ ಗೋಡೆಗೆ ಹಾಕಬಹುದು," ಎಂದೆ. "ಓವನ್ ಇಲ್ಲೇ ಇರ್ಲಿ."

"ಅದು ನಾಳೆ ಕತೆ," ಎಂದಳು ಚಂಪಕಕ್ಕ. ತಟ್ಟೆಯಲ್ಲಿದ್ದ ಅನ್ನವನ್ನು ಬಾಣಲೆಗೆ ಸುರಿದು, ತುಪ್ಪ ಹಾಕಿ, ಒಲೆ ಹಚ್ಚಿ, ಸೌಟನ್ನು ಅತ್ತೆಯ ಕೈಗೆ ಕೊಟ್ಟಳು. "ಒಲೆ ಮೇಲೆ ಮಾಡಿ ಅತ್ತೆ. ಇದು ಯಾರಿಗೂ ಅಡ್ಡ ಬರಲ್ಲ."

ನಡುಮನೆಯಿಂದ ಮೇಷ್ಟ್ರ ದನಿ ಬರತೊಡಗಿತ್ತು. "ಹಲೋ? ಮೇಡಂ, ಇದೀರಾ?" ಚಂಪಕಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೋಗಿ ಕೂತಳು; ನಾನೂ ಹಿಂದೆಯೇ ಹೋಗಿ ಗೋಡೆಗೆ ಒರಗಿದೆ. ಅಡುಗೆಮನೆಯ ಬಾಗಿಲನ್ನು ಈ ಸಲ ಯಾರೂ ಮುಚ್ಚಲಿಲ್ಲ.

"ಇದೀನಿ," ಎಂದಳು.

"ಏನೋ ಹೇಳ್ಬೇಕು ಅಂತಿದ್ರಿ."

ಅವಳು ಅಡುಗೆಮನೆಯ ಕಡೆ ನೋಡಿದಳು. ಬಾಣಲೆಯಲ್ಲಿ ತುಪ್ಪ ಚಿಟಪಟ ಎಂದಿತು. ಆ ಸದ್ದು ಅಲ್ಲಿಯವರೆಗೂ ಹೋಗಿರಬೇಕು.

"ಅಡುಗೆ ನಡೀತಿದೆಯಾ?" ಎಂದರು ಮೇಷ್ಟ್ರು, ಅವಳಿಗೆ ಸುಲಭವಾಗಲೆಂಬಂತೆ. "ಯಾರಾದ್ರೂ ಬರೋರಿದಾರಾ?"

"ತಿರುಮಲ ಅವರಿಗೆ," ಎಂದಳು ಚಂಪಕಕ್ಕ. ಗಂಡನ ಹೆಸರನ್ನು ಅವಳು ಬಾಯಿ ಬಿಟ್ಟು ಹೇಳಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು. "ಅತ್ತೆ ದಿನಾ ಬಡಿಸಿಡ್ತಾರೆ. ನಾನು ಎಲ್ಲಿಗೇ ಬಂದ್ರೂ ಇದೂ ಬರತ್ತೆ, ಮೇಷ್ಟ್ರೇ. ಅದನ್ನೇ ಹೇಳ್ಬೇಕಿತ್ತು."

ಮೇಷ್ಟ್ರು ತಮ್ಮ ಮನೆಯೊಳಗೆ ಎತ್ತಲೋ ತಿರುಗಿ ನೋಡಿದರು. ಆಮೇಲೆ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು.

"ಆರಿಹೋಗತ್ತೆ," ಎಂದರು. "ಮೊದ್ಲು ಬಡಿಸಕ್ಕೆ ಹೇಳಿ. ನಾನು ಕಾಯ್ತೀನಿ."

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ತುಂಗತ್ತೆ ನೆಲದ ಮೇಲೆ ಮಣೆ ಹಾಕಿದ ಸದ್ದು ಕೇಳಿಸಿತು. ಬಾಗಿಲಿನಿಂದ ತುಪ್ಪದ ಘಮಲಿನ ತೆಳುವಾದ ಹಬೆ ನಡುಮನೆಗೆ ಬಂದು, ಯಾರೂ ಇಲ್ಲದ ಜಾಗದಲ್ಲಿ ತುಸು ತಡೆದು, ತೆರೆದ ಕಿಟಕಿಯ ಕಡೆ ಸಾಗಿತು.