ದೊಡ್ಡಪ್ಪನ ವಿಮಾನ ವಾಲಿದಾಗ

ಭಾನುವಾರ ಬೆಳಗಾಯಿತೆಂದರೆ ಔಷಧಿ ಅಂಗಡಿಯಾಕೆಗೆ ಮನೆಯ ಕಡೆ ಗ್ಯಾನವೇ ಇರುತ್ತಿರಲಿಲ್ಲ. ಊಟದ ಮೇಜಿನ ಅಂಚಿಗೆ ವಿಮಾನ ಹಾರಿಸುವ ಆಟದ ಜಾಯ್‌ಸ್ಟಿಕ್ ಬಿಗಿದು, ಕಿವಿಗೆ ಹೆಡ್‌ಫೋನ್ ಏರಿಸಿ, ಕಂಪ್ಯೂಟರಿನ ಆಕಾಶಕ್ಕೆ ಹಾರಿಬಿಡುತ್ತಿದ್ದಳು. "ಪೈಲಟ್ ಮೇಡಂ ಕೆಳಗಿಳಿದ್ಮೇಲೆ ನಮಗೂ ಏನಾದ್ರೂ ತಿನ್ನೋಕೆ ಸಿಗುತ್ತೋ?" ಎಂದು ಗಂಡ ರೇಗಿಸುತ್ತಿದ್ದ. ವಾರವಿಡೀ ಮಾತ್ರೆ ಪಟ್ಟಿ ಕತ್ತರಿಸಿ ಮರಗಟ್ಟಿದ ಕೈಗೆ ಆ ಪುಟ್ಟ ವಿಮಾನ ಹಿತವಾಗಿತ್ತು.

ಜೊತೆಗೆ ಹಾರುತ್ತಿದ್ದವರು ದೊಡ್ಡಪ್ಪ. ನೆಂಟರೇನಲ್ಲ, ಇಂಟರ್‌ನೆಟ್ಟಿನಲ್ಲಿ ಒಟ್ಟಿಗೆ ಹಾರುವ ಗುಂಪಿಗೆಲ್ಲ ಹಿರಿಯರು, ಅದಕ್ಕೇ ಆ ಹೆಸರು. ನೂಲಿನ ಗಿರಣಿಯಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಆಕೆ ಅವರ ದನಿ ಕೇಳಿದ್ದಳೇ ಹೊರತು ಮುಖ ಕಂಡಿರಲಿಲ್ಲ, ಊರು ಯಾವುದೆಂದೂ ಕೇಳಿರಲಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ ಎಂಬುದು ಮಾತ್ರ ಗೊತ್ತಿತ್ತು.

ಆ ಭಾನುವಾರ ಇಬ್ಬರೂ ಬೆಟ್ಟಸಾಲಿನ ಮೇಲೆ ಅಕ್ಕಪಕ್ಕ ಹಾರುತ್ತಿದ್ದರು. ಇದ್ದಕ್ಕಿದ್ದಂತೆ ದೊಡ್ಡಪ್ಪನ ವಿಮಾನ ಎಡಕ್ಕೆ ವಾಲತೊಡಗಿತು.

"ದೊಡ್ಡಪ್ಪಾ, ನೋಡ್ಕೊಳ್ಳಿ, ಮುಂದೆ ಬೆಟ್ಟ."

"ಬೆಟ್ಟ... ಹ್ಞಾ... ಯಾರದು?"

ತಮಾಷೆಯೆಂದುಕೊಂಡು ಆಕೆ ನಕ್ಕಳು. ಆದರೆ ಅವರ ಮಾತು ತೊದಲುತ್ತಿತ್ತು. "ಫ್ಯಾನ್ ಹಾಕಿದೀನಿ... ಆದ್ರೂ ಬೆವರು..."

ಆಕೆ ನಗು ನಿಲ್ಲಿಸಿ ಕೇಳಿದಳು: "ಇವತ್ತು ಇನ್ಸುಲಿನ್ ತಗೊಂಡ್ರಾ?"

"ತಗೊಂಡೆ."

"ತಿಂಡಿ ತಿಂದ್ರಾ?"

"ಇಳಿದ್ಮೇಲೆ ತಿಂದ್ರಾಯ್ತು ಅಂತ..."

"ಮನೇಲಿ ಯಾರಿದಾರೆ?"

"ಇವಳು ತಂಗಿ ಮನೆಗೆ..."

"ಎದ್ದು ಬಾಯಿಗೆ ಸಕ್ಕರೆ ಹಾಕ್ಕೊಳ್ಳಿ. ಈಗ್ಲೇ!"

"ಸುಮ್ನಿರಮ್ಮ! ನಾನು ವಿಮಾನ ಇಳಿಸ್ಬೇಕು!" ಎಂದು ಗದರಿದರು. ಎಂದೂ ಗದರಿದವರಲ್ಲ. ಇನ್ಸುಲಿನ್ ಚುಚ್ಚಿಕೊಂಡು ಏನೂ ತಿನ್ನದೆ ರಕ್ತದಲ್ಲಿ ಸಕ್ಕರೆ ತೀರಾ ಕುಸಿದರೆ ಮನುಷ್ಯ ಹೀಗೆ ಮೊಂಡು ಹಿಡಿಯುತ್ತಾನೆಂದು ಆಕೆಗೆ ಗೊತ್ತು. ಆಮೇಲೆ ಪ್ರಜ್ಞೆ ತಪ್ಪುತ್ತದೆಂಬುದೂ ಗೊತ್ತು. ಆಂಬುಲೆನ್ಸ್ ಕರೆಸೋಣವೆಂದರೆ ಯಾವ ಊರಿಗೆ? ಕೂಗು ಕೇಳಿ ಓಡಿ ಬಂದ ಗಂಡ, "ಅಡ್ರೆಸ್ ಕೇಳು" ಎಂದ. ಕೇಳಿದಳು. "ರನ್‌ವೇ ಎಲ್ಲಿ?" ಎಂಬುದೊಂದೇ ಉತ್ತರ.

ಎಂಥ ಪೈಲಟ್ಟೂ ವಿಮಾನ ನಿಲ್ದಾಣದ ಟವರಿನ ಅಪ್ಪಣೆ ಮೀರುವಂತಿಲ್ಲ. ಆಕೆ ದನಿ ಗಟ್ಟಿ ಮಾಡಿಕೊಂಡು ಹೇಳಿದಳು: "ಇದು ಕಂಟ್ರೋಲ್ ಟವರ್."

"ಹೇಳಿ, ಟವರ್."

"ರನ್‌ವೇ ಖಾಲಿ ಇಲ್ಲ. ಅಡುಗೆಮನೆಯಿಂದ ಸಕ್ಕರೆ ತಂದು ತಿಳಿಸಿ. ಅಲ್ಲೀವರೆಗೆ ಇಳಿಯೋಕೆ ಅನುಮತಿ ಇಲ್ಲ."

"ಸರಿ, ಟವರ್."

ಕುರ್ಚಿ ಕಿರ್ರೆಂದಿತು. ಹೆಜ್ಜೆಗಳು ದೂರವಾದವು. ಕೇಳುವವರಿಲ್ಲದ ವಿಮಾನ ಮೂಗು ತಗ್ಗಿಸಿ ಜಾರತೊಡಗಿತು. ಆಕೆ ಅದರ ಪಕ್ಕದಲ್ಲೇ ಹಾರಿದಳು. ಎಲ್ಲೋ ಡಬ್ಬಿಯೊಂದು ಢಣಾರೆಂದು ಬಿತ್ತು. ಮತ್ತೆ ಸದ್ದಿಲ್ಲ. ಪರದೆಯ ಮೇಲೆ ಅವರ ವಿಮಾನ ಬೆಟ್ಟಕ್ಕೆ ಅಪ್ಪಳಿಸಿತು. ಅದು ಆಟವೆಂದು ಗೊತ್ತಿದ್ದರೂ ಆಕೆ ಕುರ್ಚಿಯಿಂದ ಎದ್ದು ನಿಂತಳು.

"ದೊಡ್ಡಪ್ಪಾ! ದೊಡ್ಡಪ್ಪಾ!" ಗಂಟಲು ಹರಿಯುವಂತೆ ಕೂಗಿದಳು.

ಎಷ್ಟೋ ಹೊತ್ತಿನ ಮೇಲೆ ಏದುಸಿರು ಕೇಳಿಸಿತು. "ಟವರ್... ನೆಲದ ತುಂಬ ಸಕ್ಕರೆ... ಕೈಯಲ್ಲಿ ಒಂದಿಷ್ಟು ಇದೆ."

"ಬಾಯಿಗೆ ಹಾಕ್ಕೊಳ್ಳಿ!"

ಕರಕರ ಸದ್ದು ಕೇಳಿತು. ಅದಕ್ಕಿಂತ ಇಂಪಾದ ಸದ್ದನ್ನು ಆಕೆ ಕೇಳಿರಲಿಲ್ಲ. ಬಿಡದೆ ಮಾತಾಡಿಸಿದಳು, ಇನ್ನಷ್ಟು ತಿನ್ನಿಸಿದಳು. ನಿಧಾನವಾಗಿ ತೊದಲು ಕಡಿಮೆಯಾಯಿತು.

"ಮಗಾ, ನನ್ನ ವಿಮಾನ ಎಲ್ಲಿ?"

"ಬೆಟ್ಟಕ್ಕೆ ಗುದ್ದಿದ್ರಿ."

"ಥೂ, ಮಾನ ಹೋಯ್ತು!"

ಆಕೆಗೆ ನಗು ಬರಲಿಲ್ಲ. ವಿಳಾಸ ಕೇಳಿದಳು, ಪಕ್ಕದ ಮನೆಯವರ ಫೋನ್ ನಂಬರ್ ಕೇಳಿದಳು. ಗಂಡ ಅವರಿಗೆ ಫೋನ್ ಮಾಡಿದ. ಅತ್ತ ಬಾಗಿಲು ಬಡಿದ ಸದ್ದಾಗಿ, "ಅಯ್ಯೋ, ಇದೇನ್ರೀ ಅವತಾರ!" ಎಂದು ಪಕ್ಕದ ಮನೆಯಾಕೆ ಕೂಗಿದ್ದು ಕೇಳಿದ ಮೇಲೆಯೇ ಆಕೆ ಹೆಡ್‌ಫೋನ್ ತೆಗೆದಳು. ಆಮೇಲೆ ಗಂಡನ ಎದೆಗೆ ಮುಖವಿಟ್ಟು ಅತ್ತಳು.

ಮುಂದಿನ ಭಾನುವಾರ ದೊಡ್ಡಪ್ಪ ಹೆಂಡತಿಯ ಕಾವಲಿನಲ್ಲಿ, ಹೊಟ್ಟೆ ತುಂಬ ತಿಂದು ಹಾರಲು ಬಂದರು. ಆದರೂ ಅವರು ಮಾತು ನಿಲ್ಲಿಸಿದಾಗಲೆಲ್ಲ ಆಕೆಗೆ ಜೀವ ಬಾಯಿಗೆ ಬರುತ್ತಿತ್ತು.

"ಏನಾದ್ರೂ ಹೇಳ್ತಾ ಇರಿ, ದೊಡ್ಡಪ್ಪಾ."

"ಏನಮ್ಮ ಹೇಳ್ಲಿ?"

"ಏನಾದ್ರೂ ಸರಿ."

ಗಿರಣಿಯ ಯಂತ್ರಗಳ ಕಥೆಯನ್ನು ಅವರು ರನ್‌ವೇ ಮುಟ್ಟುವವರೆಗೂ ಹೇಳಿದರು. ಆಕೆ ಒಂದೊಂದು ಮಾತಿಗೂ ಹ್ಞೂಂಗುಟ್ಟುತ್ತ ಹಾರಿದಳು.